ಕ್ರ್ಯಾಬ್‌ಆಪಲ್ ನೆಡುವಾಗ ಹೂವಿನ ಬಣ್ಣಕ್ಕಿಂತ ಮೊದಲು ಏನು ನೋಡಬೇಕು?

ಮನೆ ಮುಂದೆ ಹೂವಿಗೋಸ್ಕರ ಸೇಬಿನ ಜಾತಿಗೆ ಸೇರಿದ ಮರವಾದ ಕ್ರ್ಯಾಬ್‌ಆಪಲ್ ನೆಡಬೇಕು, ಬಿಳಿಯದು ತರಲಾ ಗುಲಾಬಿಯದು ತರಲಾ ಅಂತ ಕೇಳಿದ್ದೀರಿ. ಬಣ್ಣ ಆಮೇಲೆ ನೋಡೋಣ. ಆ ತಳಿ ಸ್ಕ್ಯಾಬ್ ಅನ್ನುವ ಎಲೆಮಚ್ಚೆ ರೋಗವನ್ನು ತಡೆಯುತ್ತದಾ ಅಂತ ಮೊದಲು ವಿಚಾರಿಸಿ. ಹೂ ಇರುವುದು ಹೆಚ್ಚೆಂದರೆ ಒಂದೆರಡು ವಾರ. ಆಮೇಲೆ ತಿಂಗಳುಗಟ್ಟಲೆ ಕಣ್ಣಿಗೆ ಬೀಳುವುದು ಎಲೆ, ಕಾಯಿ, ಕೊಂಬೆ, ಅಲ್ವಾ?

ನಾನು ಮೊದಲ ಸಲ ಹೂವಿಗೆ ಮರುಳಾಗಿಯೇ ಸಸಿ ತಂದೆ. ಮೊಗ್ಗು ಕಡು ಗುಲಾಬಿ, ಅರಳಿದರೆ ತಿಳಿ ಗುಲಾಬಿ. ಆ ವಸಂತದಲ್ಲಿ ಮಳೆ ಜಾಸ್ತಿ ಇತ್ತು. ಹೂ ಉದುರಿದ ಮೇಲೆ ಎಲೆಗಳಲ್ಲಿ ಮಾಸಲು ಹಸಿರಿನ ಮಚ್ಚೆ ಎದ್ದವು. ಬೆರಳಲ್ಲಿ ಸವರಿದರೆ ಮಖಮಲ್ಲಿನ ಹಾಗೆ. ಆಮೇಲೆ ಅವು ಕಪ್ಪಾದವು, ಎಲೆ ಹಳದಿ ತಿರುಗಿತು, ಬೇಸಿಗೆ ಮುಗಿಯುವ ಮೊದಲೇ ಮರ ಅರ್ಧ ಬೋಳು. ಇದೇ ಸ್ಕ್ಯಾಬ್, ಒಂದು ಶಿಲೀಂಧ್ರ. ಉದುರಿದ ಎಲೆಯಲ್ಲೇ ಚಳಿಗಾಲ ಕಳೆದು, ವಸಂತದ ಮಳೆಗೆ ಮತ್ತೆ ಹೊಸ ಚಿಗುರಿಗೆ ಹತ್ತುತ್ತದೆ. ತರಗೆಲೆ ಗುಡಿಸಿ ತೆಗೆದೆ, ಸ್ವಲ್ಪ ಕಡಿಮೆಯಾಯಿತು ಅಷ್ಟೆ. ಮರ ಸಾಯಲಿಲ್ಲ, ಆದರೆ ವರ್ಷವರ್ಷವೂ ಸೊರಗುವುದನ್ನು ನೋಡಲಾಗಲಿಲ್ಲ. ಕೊನೆಗೆ ತೆಗೆಸಿ, ಸ್ಕ್ಯಾಬ್ ತಡೆಯುವ 'ಪ್ರೇರಿಫೈರ್' ತಳಿ ನೆಟ್ಟೆ.

ಪ್ರೇರಿಫೈರ್ 15ರಿಂದ 20 ಅಡಿ ಬೆಳೆಯುತ್ತದೆ, ಹೂ ಕೆಂಪು ಬೆರೆತ ಗುಲಾಬಿ. ಜಾಗ ಕಮ್ಮಿ ಅಂತ 'ಸಾರ್ಜೆಂಟ್' ನೆಡುವವರಿದ್ದಾರೆ. ಬಿಳಿ ಹೂ, ಎತ್ತರ 6ರಿಂದ 8 ಅಡಿ ಅಷ್ಟೆ, ಆದರೆ ಅಗಲಕ್ಕೆ ಅದಕ್ಕಿಂತ ಜಾಸ್ತಿ ಹರಡುತ್ತದೆ, ನೆನಪಿರಲಿ. ಎರಡರ ಕಾಯಿಯೂ ಪುಟ್ಟದು. ಎಲೆ ಉದುರಿದ ಮೇಲೂ ಕೊಂಬೆಯಲ್ಲೇ ನಿಲ್ಲುತ್ತದೆ, ಹಕ್ಕಿಗಳು ಹುಡುಕಿಕೊಂಡು ಬರುತ್ತವೆ. ದೊಡ್ಡ ಕಾಯಿಯ ತಳಿಯನ್ನು ಓಡಾಡುವ ದಾರಿಯ ಪಕ್ಕ ನೆಡಲೇಬೇಡಿ, ಬಿದ್ದು ಕೊಳೆತು ಕಾಲು ಜಾರುತ್ತದೆ. ಕಾಯಿಯೇ ಬೇಡ ಅಂತ 'ಸ್ಪ್ರಿಂಗ್ ಸ್ನೋ' ತರುವವರಿದ್ದಾರೆ. ಅದಕ್ಕೆ ಸ್ಕ್ಯಾಬ್ ಬೇಗ ತಗಲುತ್ತದೆ, ನಾನಂತೂ ಅದನ್ನು ತನ್ನಿ ಅಂತ ಹೇಳುವುದಿಲ್ಲ.

ಇದು ಚಳಿ ಬೇಡುವ ಮರ. ಚಳಿಗಾಲ ಸರಿಯಾಗಿ ಇಲ್ಲದ ಕಡೆ ಹೂವಿನ ಆಸೆ ಇಟ್ಟುಕೊಳ್ಳಬೇಡಿ. ದಿನಕ್ಕೆ 6 ಗಂಟೆಯಾದರೂ ನೇರ ಬಿಸಿಲು ಬೇಕು, ನೀರು ನಿಲ್ಲಬಾರದು. ನೆಡುವಾಗ ಕಾಂಡ ಅಗಲವಾಗಿ ಬೇರಿಗೆ ಸೇರುವ ಜಾಗ ಮಣ್ಣಿನ ಮೇಲೇ ಕಾಣಬೇಕು. ಬುಡಕ್ಕೆ ತೊಗಟೆ ಚೂರು ಹಾಸಿ, ಆದರೆ ಕಾಂಡಕ್ಕೆ ತಾಗಿಸಬೇಡಿ.

ಕತ್ತರಿ ಹಾಕುವುದಾದರೆ ಚಳಿಗಾಲದ ಕೊನೆಗೆ, ಚಿಗುರುವ ಮೊದಲು. ಬೇಸಿಗೆಯಲ್ಲಿ ಸುಮ್ನೆ ಸವರಿದರೆ ಮುಂದಿನ ವರ್ಷದ ಹೂಮೊಗ್ಗೇ ಹೋಗುತ್ತದೆ. ಒಂದನ್ನು ಮಾತ್ರ ಯಾವಾಗಲೂ ತೆಗೆಯಬಹುದು: ಕಸಿ ಗಂಟಿನ ಕೆಳಗಿಂದ ನೆಟ್ಟಗೆ ಏಳುವ ಚಿಗುರು. ಅದು ನೀವು ಇಷ್ಟಪಟ್ಟು ತಂದ ತಳಿಯದಲ್ಲ, ಕಸಿ ಕಟ್ಟಲು ಬಳಸಿದ ಬೇರಿನ ಗಿಡದ್ದು. ಎಳೆಯದಿದ್ದಾಗಲೇ ಬುಡಸಮೇತ ಕಿತ್ತುಬಿಡಿ.