ಸುನೌಲಿ ದಾಟಲು ಆಧಾರ್ ಸಾಕೇ?

ಓದುಗರ ಪ್ರಶ್ನೆ, ತಿಳಿದವರ ಉತ್ತರ

ಪ್ರಶ್ನೆ: ಕಾಶಿ ಮುಗಿಸಿ, ಗೋರಖ್‌ಪುರದಿಂದ ನೇಪಾಳ ಗಡಿಯ ಸುನೌಲಿ ಮೇಲೆ ಪಶುಪತಿನಾಥನ ದರ್ಶನಕ್ಕೆ ಹೊರಟಿದ್ದೇವೆ. ಅಪ್ಪನಿಗೆ 70, ಅಮ್ಮನಿಗೆ 62. ಜತೆಗೆ ನಾನು, ನನ್ನ ಹೆಂಡತಿ, 16 ಮತ್ತು 12 ವರ್ಷದ ಮಕ್ಕಳು. ಪಾಸ್‌ಪೋರ್ಟ್ ಇರುವುದು ನನಗೊಬ್ಬನಿಗೇ. ಉಳಿದವರಿಗೆ ಆಧಾರ್ ಸಾಕು ಎನ್ನುತ್ತಾರೆ ಟೂರ್‌ನವರು. ನಿಜವೇ?
– ಓದುಗರೊಬ್ಬರು, ಚಿಂತಾಮಣಿ

ಉತ್ತರ: ಅರ್ಧ ನಿಜ. ಭಾರತೀಯರಿಗೆ ನೇಪಾಳಕ್ಕೆ ವೀಸಾ ಬೇಡ. ಆದರೆ ಗುರುತಿನ ದಾಖಲೆ ಬೇಕು, ಅದೂ ಇಂಥದ್ದೇ ಎಂದು ಗೊತ್ತುಮಾಡಿದ್ದಾರೆ. 15ರಿಂದ 65 ವರ್ಷದೊಳಗಿನವರಿಗೆ ಮುಖ್ಯವಾಗಿ ಎರಡು ದಾಖಲೆ: ಪಾಸ್‌ಪೋರ್ಟ್, ಇಲ್ಲವೇ ಚುನಾವಣಾ ಆಯೋಗದ ವೋಟರ್ ಐಡಿ. ಆಧಾರ್ ನಡೆಯುವುದು 65 ದಾಟಿದವರಿಗೆ ಮತ್ತು 15 ತುಂಬದ ಮಕ್ಕಳಿಗೆ ಮಾತ್ರ. ಅಂದರೆ ನಿಮ್ಮಪ್ಪನಿಗೂ ಚಿಕ್ಕ ಮಗುವಿಗೂ ಆಧಾರ್ ಸಾಕು. ಅಮ್ಮನಿಗೂ ನಿಮ್ಮ ಹೆಂಡತಿಗೂ ವೋಟರ್ ಐಡಿ ಇಟ್ಟುಕೊಳ್ಳಿ.

ಒಂದು ವಿನಾಯಿತಿ ಇದೆ. ಗಂಡ, ಹೆಂಡತಿ, ಅಪ್ರಾಪ್ತ ಮಕ್ಕಳು, ತಂದೆ ತಾಯಿ ಒಟ್ಟಿಗೆ ಹೋಗುವಾಗ ದೊಡ್ಡವರಲ್ಲಿ ಒಬ್ಬರ ಬಳಿ ಪಾಸ್‌ಪೋರ್ಟ್ ಅಥವಾ ವೋಟರ್ ಐಡಿ ಇದ್ದರೆ ಸಾಕು. ಉಳಿದವರು ಫೋಟೊ ಇರುವ ಗುರುತಿನ ಚೀಟಿಯನ್ನೂ, ಒಂದೇ ಕುಟುಂಬ ಎಂಬುದಕ್ಕೆ ಪುರಾವೆಯನ್ನೂ ತೋರಿಸಬೇಕು. ರೇಷನ್ ಕಾರ್ಡ್, ಡ್ರೈವಿಂಗ್ ಲೈಸೆನ್ಸ್, ಶಾಲೆಯ ಐಡಿ ಕಾರ್ಡ್ ಇದಕ್ಕೆ ಆಗುತ್ತವೆ. ಆದರೆ ಬರೀ ಕನ್ನಡದಲ್ಲಿರುವ ರೇಷನ್ ಕಾರ್ಡನ್ನು ಸುನೌಲಿಯಲ್ಲಿ ಓದುವವರು ಯಾರು? ಹಾಗಾಗಿ ಇದನ್ನೇ ನೆಚ್ಚಿಕೊಂಡು ಹೊರಡಬೇಡಿ. ಇನ್ನೊಂದು ತೊಡಕೂ ಇದೆ. ಅಮ್ಮನಿಗೆ ಮೈ ಸರಿಯಿಲ್ಲವೆಂದು ಕಠ್ಮಂಡುವಿನಿಂದ ವಿಮಾನ ಹತ್ತಿಸಬೇಕಾಯಿತು ಎಂದುಕೊಳ್ಳಿ. ಅಲ್ಲಿ ಕೇಳುವುದು ಪಾಸ್‌ಪೋರ್ಟ್ ಅಥವಾ ವೋಟರ್ ಐಡಿಯನ್ನೇ.

16ರ ಮಗ ನಿಮ್ಮ ಜತೆ ಇರುವುದರಿಂದ ಶಾಲೆಯ ಐಡಿ ಸಾಕು. 15ರಿಂದ 18ರೊಳಗಿನವರಿಗೆ ಮುಖ್ಯೋಪಾಧ್ಯಾಯರು ನಿಗದಿತ ನಮೂನೆಯಲ್ಲಿ ಕೊಡುವ ಗುರುತಿನ ಪತ್ರವೂ ನಡೆಯುತ್ತದೆ. ಅದನ್ನೂ ಬರೆಸಿಕೊಂಡರೆ ಒಳ್ಳೆಯದು.

ಅಪ್ಪನ ಆಧಾರ್ ಕಾರ್ಡನ್ನು ಇವತ್ತೇ ತೆಗೆದು ಹುಟ್ಟಿದ ವರ್ಷ ನೋಡಿ. ನಮ್ಮ ಕಡೆ ಹಿರಿಯರ ವಯಸ್ಸು ಅಂದಾಜಿನಲ್ಲಿ ಬರೆಸಿದ್ದೇ ಹೆಚ್ಚು. ಮನೆಯವರ ಲೆಕ್ಕದಲ್ಲಿ 70 ಆದವರು ಕಾರ್ಡಿನಲ್ಲಿ 63 ಇರುತ್ತಾರೆ, ಗಡಿಯಲ್ಲಿ ಲೆಕ್ಕಕ್ಕೆ ಬರುವುದು ಕಾರ್ಡಿನ ವಯಸ್ಸು. ಹೆಸರನ್ನೂ ನೋಡಿಕೊಳ್ಳಿ. ಒಂದರಲ್ಲಿ ವೆಂಕಟರಮಣಪ್ಪ, ಇನ್ನೊಂದರಲ್ಲಿ ವೆಂಕಟರವಣಪ್ಪ ಎಂದಿದ್ದರೆ ನಮಗೆ ಇಬ್ಬರೂ ಒಬ್ಬರೇ, ಅಲ್ಲಿನವರಿಗೆ ಇಬ್ಬರು. ವೋಟರ್ ಐಡಿ ತಿದ್ದಿಸಲು, ಕಳೆದುಹೋದ ಕಾರ್ಡ್ ಮತ್ತೆ ಪಡೆಯಲು ಫಾರಂ 8. ಹೊರಡುವ ವಾರದಲ್ಲಿ ಕೊಟ್ಟರೆ ಕಾರ್ಡ್ ಕೈಗೆ ಬರುವುದಿಲ್ಲ, ಎರಡು ಮೂರು ತಿಂಗಳು ಮೊದಲೇ ಕೊಡಿ. ಜೆರಾಕ್ಸ್, ಮೊಬೈಲ್‌ನ ಫೋಟೊ ನಂಬಬೇಡಿ. ಅಸಲು ಕಾರ್ಡೇ ಬೇಕು.

ಕಾರಿನಲ್ಲೇ ದಾಟುವುದಾದರೆ ನೇಪಾಳದ ಕಡೆ ‘ಭನ್ಸಾರ್’, ಅಂದರೆ ಕಸ್ಟಮ್ಸ್ ಚೀಟಿ ಮಾಡಿಸಬೇಕು. ಆರ್‌ಸಿ, ಲೈಸೆನ್ಸ್, ವಿಮೆ ಪತ್ರ ಕೈಯಲ್ಲಿರಲಿ. ಶುಲ್ಕ ದಿನದ ಲೆಕ್ಕ. ಮಳೆಗಾಲದಲ್ಲಿ ನಾರಾಯಣಘಾಟ್–ಮುಗ್ಲಿಂಗ್ ದಾರಿಯಲ್ಲಿ ಗುಡ್ಡ ಕುಸಿದು ಗಾಡಿ ನಿಲ್ಲುವುದುಂಟು. ಎಣಿಸಿದ್ದಕ್ಕಿಂತ ಒಂದು ದಿನ ಹೆಚ್ಚಿಗೆ ಬರೆಸಿ.

ಪ್ರಶ್ನೆ: ಅಳಿಯ ಮತ್ತು 11 ವರ್ಷದ ಮೊಮ್ಮಗಳು ಅಮೆರಿಕದ ಪಾಸ್‌ಪೋರ್ಟ್‌ನವರು. ಇಬ್ಬರಿಗೂ ಓಸಿಐ ಕಾರ್ಡ್ ಇದೆ. ನಮ್ಮ ಜತೆ ಅವರೂ ಸುನೌಲಿ ದಾಟಬಹುದೇ?
– ಓದುಗರೊಬ್ಬರು, ತುಮಕೂರು

ಉತ್ತರ: ದಾಟಬಹುದು, ಆದರೆ ನಿಮ್ಮ ಹಾಗಲ್ಲ. ಓಸಿಐ ಎಂದರೆ ಭಾರತಕ್ಕೆ ಬಂದು ಹೋಗಲು ಇರುವ ಅನುಕೂಲವೇ ಹೊರತು ಪೌರತ್ವವಲ್ಲ. ನೇಪಾಳಕ್ಕೆ ಅವರಿಬ್ಬರೂ ವಿದೇಶಿಯರು, ವೀಸಾ ಬೇಕೇ ಬೇಕು. 15 ದಿನಕ್ಕೆ 30 ಡಾಲರ್, 30 ದಿನಕ್ಕೆ 50 ಡಾಲರ್. ಗಡಿಯಲ್ಲೇ ಕೊಡುತ್ತಾರೆ. ಅರ್ಜಿಯನ್ನು ಮೊದಲೇ ಆನ್‌ಲೈನ್‌ನಲ್ಲಿ ತುಂಬಿ ಪ್ರಿಂಟ್ ಒಯ್ದರೆ ಸಮಯ ಉಳಿಯುತ್ತದೆ. ಡಾಲರ್ ನೋಟು ಹರಿದಿರಬಾರದು.

ಎಡವಟ್ಟಾಗುವುದು ಇಲ್ಲಿ: ಸುನೌಲಿ ಗೇಟಿನಲ್ಲಿ ಜನ ಜಾತ್ರೆಯಂತೆ ನಡೆದುಹೋಗುತ್ತಿರುತ್ತಾರೆ. ಗುಂಪಿನ ಜತೆ ಹೆಜ್ಜೆ ಹಾಕಿದರೆ ಯಾರೂ ತಡೆಯದೆ ನೇಪಾಳದೊಳಗೆ ಇರುತ್ತೀರಿ. ನಿಮಗೆ ಅದರಿಂದ ತೊಂದರೆಯಿಲ್ಲ. ಆದರೆ ಅಳಿಯ, ಮೊಮ್ಮಗಳು ಮೊದಲು ಭಾರತದ ಇಮಿಗ್ರೇಷನ್ ಕಚೇರಿ ಹುಡುಕಿ ನಿರ್ಗಮನ ಮುದ್ರೆ ಹಾಕಿಸಿಕೊಳ್ಳಬೇಕು, ಆಮೇಲೆ ಆ ಕಡೆ ಬೇಲಹಿಯಾದ ಕಚೇರಿಯಲ್ಲಿ ವೀಸಾ. ಒಂದು ಮುದ್ರೆ ತಪ್ಪಿದರೂ ಹೊರಬರುವಾಗ ದಂಡ, ವಿಚಾರಣೆ. ಇಬ್ಬರಿಗೂ ಮುದ್ರೆ ಬೀಳುವವರೆಗೆ ಮನೆಮಂದಿ ಎಲ್ಲರೂ ಒಟ್ಟಿಗೇ ಇರಿ, ಹಗಲಲ್ಲೇ ದಾಟಿ. ವಾಪಸು ಬರುವಾಗಲೂ ಎರಡೂ ಕಚೇರಿ, ಓಸಿಐ ಕಾರ್ಡ್ ಕೈಯಲ್ಲಿ.

ಪ್ರಶ್ನೆ: ಜೈಗಾಂವ್‌ನಿಂದ ಭೂತಾನ್‌ಗೆ ಇದೇ ನಿಯಮವೇ?
– ಓದುಗರೊಬ್ಬರು, ಕೋಲಾರ

ಉತ್ತರ: ಅಲ್ಲ. ವೀಸಾ ಅಲ್ಲಿಯೂ ಬೇಡ, ಆದರೆ ಪ್ರವೇಶ ಪರವಾನಗಿ ಬೇಕು. ದೊಡ್ಡವರಿಗೆ ಪಾಸ್‌ಪೋರ್ಟ್ (ಕನಿಷ್ಠ ಆರು ತಿಂಗಳ ಅವಧಿ ಉಳಿದಿರಬೇಕು) ಅಥವಾ ವೋಟರ್ ಐಡಿ. ಆಧಾರ್ ತೋರಿಸಿದರೆ ಪರವಾನಗಿ ಕೊಡುವುದಿಲ್ಲ. ಮಕ್ಕಳಿಗೆ ಪಾಸ್‌ಪೋರ್ಟ್ ಇಲ್ಲದಿದ್ದರೆ ಜನನ ಪ್ರಮಾಣಪತ್ರ. ಹಳೆಯದು ಕನ್ನಡದಲ್ಲಷ್ಟೇ ಇದ್ದರೆ ಇಂಗ್ಲಿಷ್ ಇರುವ ಪ್ರತಿ ತೆಗೆಸಿ. ತಲೆಗೆ ರಾತ್ರಿಯೊಂದಕ್ಕೆ ₹1,200 ಶುಲ್ಕ, 6ರಿಂದ 12 ವರ್ಷದವರಿಗೆ ಅರ್ಧ, ಅದಕ್ಕೂ ಚಿಕ್ಕವರಿಗೆ ಇಲ್ಲ. ನಾಲ್ವರು ದೊಡ್ಡವರು ಐದು ರಾತ್ರಿ ಇದ್ದರೆ ಇದೊಂದೇ ₹24,000. ಹೋಟೆಲ್, ಗಾಡಿ ಖರ್ಚಿಗೆ ಮೊದಲು ಇದನ್ನು ಲೆಕ್ಕಕ್ಕೆ ಹಿಡಿಯಿರಿ.

ಪ್ರಶ್ನೆ: ವಿಯೆಟ್ನಾಂನ ಹೋ ಚಿ ಮಿನ್ ನಗರದಿಂದ ಬಸ್ಸಿನಲ್ಲಿ ಕಾಂಬೋಡಿಯಾಕ್ಕೆ ಹೋಗಿ, ಅದೇ ದಾರಿಯಲ್ಲಿ ಮರಳಿ ಊರಿಗೆ ಬರುವ ಯೋಚನೆ. ವೀಸಾ ಹೇಗೆ?
– ಕಾಲೇಜು ಗೆಳೆಯರು, ತುಮಕೂರು

ಉತ್ತರ: ಇಲ್ಲಿ ಎರಡೂ ದೇಶಕ್ಕೆ ವೀಸಾ ಬೇಕು. ನೀವು ವಿಯೆಟ್ನಾಂಗೆ ಎರಡು ಸಲ ಹೋಗುತ್ತೀರಿ, ಹಾಗಾಗಿ ಇ-ವೀಸಾ ಅರ್ಜಿಯಲ್ಲಿ ಒಂದೇ ಪ್ರವೇಶದ್ದು (25 ಡಾಲರ್) ಆರಿಸಿದರೆ ಕಾಂಬೋಡಿಯಾದಲ್ಲೇ ಉಳಿಯಬೇಕಾಗುತ್ತದೆ. ಹಲವು ಪ್ರವೇಶದ್ದು 50 ಡಾಲರ್, ಅದನ್ನೇ ತೆಗೆದುಕೊಳ್ಳಿ. ಅರ್ಜಿಯಲ್ಲಿ ಯಾವ ದ್ವಾರದಿಂದ ಒಳಗೆ, ಯಾವುದರಿಂದ ಹೊರಗೆ ಎಂದು ಕೇಳುತ್ತಾರೆ. ಬಸ್ಸು ದಾಟುವುದು ಮೊಕ್ ಬಾಯ್‌ನಲ್ಲಿ. ಕಾಂಬೋಡಿಯಾದ ಕಡೆಯ ಊರು ಬಾವೆಟ್. ಅಲ್ಲಿನ ಪ್ರವಾಸಿ ವೀಸಾ 30 ಡಾಲರ್. ಗಡಿಯಲ್ಲೂ ಸಿಗುತ್ತದೆ, ಆದರೆ ಪಾಸ್‌ಪೋರ್ಟ್‌ಗಳನ್ನು ಒಟ್ಟುಮಾಡಿಕೊಳ್ಳುವ ಬಸ್ಸಿನವರು ಮೇಲೆ ಒಂದಿಷ್ಟು ಕೇಳುತ್ತಾರೆ. ಮೊದಲೇ ಇ-ವೀಸಾ ಮಾಡಿಸಿ ಪ್ರಿಂಟ್ ಇಟ್ಟುಕೊಂಡರೆ ಆ ಚೌಕಾಸಿ ಇರುವುದಿಲ್ಲ.

ನಮ್ಮವರು ತಪ್ಪುವುದು ಹೆಸರಿನಲ್ಲಿ. ಪಾಸ್‌ಪೋರ್ಟ್‌ನಲ್ಲಿ ಸರ್‌ನೇಮ್ ಖಾಲಿ ಇದ್ದು ಅರ್ಜಿಯಲ್ಲಿ ಇನಿಷಿಯಲ್ಲನ್ನೋ ಅಪ್ಪನ ಹೆಸರನ್ನೋ ತುಂಬಿದರೆ ವೀಸಾದಲ್ಲಿ ಹೆಸರು ಬೇರೆಯಾಗುತ್ತದೆ. ಫೋಟೊ ಪುಟದ ಬುಡದಲ್ಲಿ ಬಾಣದ ಗುರುತು ತುಂಬಿದ ಎರಡು ಸಾಲುಗಳಿವೆಯಲ್ಲ, ಮೇಲಿನ ಸಾಲಿನಲ್ಲಿ ಹೆಸರು ಹೇಗಿದೆಯೋ ಅದಕ್ಕೆ ಅಕ್ಷರ ಅಕ್ಷರವೂ ಹೊಂದಬೇಕು. ತಪ್ಪಾದರೆ ಕಟ್ಟಿದ ಶುಲ್ಕ ಮರಳಿ ಬರುವುದಿಲ್ಲ, ಹೊಸ ಅರ್ಜಿಯೇ ಗತಿ. ಪಾಸ್‌ಪೋರ್ಟ್ ಇನ್ನೂ ಮಾಡಿಸದವರು ಊರಿನ ಅಂಚೆ ಕಚೇರಿಯ ಪಾಸ್‌ಪೋರ್ಟ್ ಸೇವಾ ಕೇಂದ್ರಕ್ಕೆ ಸಮಯ ಕಾದಿರಿಸುವಾಗಲೇ ಸರ್‌ನೇಮ್ ಜಾಗವನ್ನು ತುಂಬಿಸಿ.