ಮೊಬೈಲಿನಲ್ಲಿ ಕನ್ನಡ ಹಾಡು ಹಾಕಿದರೆ ಮಗು ಕನ್ನಡ ಕಲಿಯುತ್ತದೆಯೇ?

ಗಂಡ ದುಬೈಯಲ್ಲಿ, ನೀವು ಒಂದೂವರೆ ವರ್ಷದ ಮಗಳ ಜೊತೆ ಕಾಸರಗೋಡಿನ ಉಪ್ಪಳದಲ್ಲಿ. ಅಕ್ಕಪಕ್ಕದಲ್ಲೆಲ್ಲ ಮಲಯಾಳ. ಮಗಳಿಗೆ ಕನ್ನಡ ಬರಲಿ ಅಂತ ಮೊಬೈಲಿನಲ್ಲಿ ಕನ್ನಡ ಹಾಡು ಹಾಕಿಟ್ಟರೆ ಸಾಕಾ ಎಂದು ಕೇಳಿದ್ದೀರಿ.

ಸಾಲದು. ಈ ವಯಸ್ಸಿನ ಮಕ್ಕಳು ವಿಡಿಯೋ ನೋಡಿ ಹೊಸ ಮಾತು ಕಲಿಯುವುದು ತೀರಾ ಕಡಿಮೆ. ಅಮೆರಿಕದಲ್ಲಿ ಮನಶ್ಶಾಸ್ತ್ರಜ್ಞೆ ಜೂಡಿ ಡಿಲೋಚ್ ಮತ್ತು ಜೊತೆಗಾರರು ಇದನ್ನು ಪರೀಕ್ಷಿಸಿ 2010ರಲ್ಲಿ ಪ್ರಕಟಿಸಿದರು. ಒಂದರಿಂದ ಒಂದೂವರೆ ವರ್ಷದ ಮಕ್ಕಳಿಗೆ ಪದ ಕಲಿಸುವ ವಿಡಿಯೋವನ್ನು ನಾಲ್ಕು ವಾರ ತೋರಿಸಿದರು. ನೋಡದ ಮಕ್ಕಳಿಗಿಂತ ಅವರೇನೂ ಜಾಸ್ತಿ ಕಲಿತಿರಲಿಲ್ಲ. ವಿಡಿಯೋ ಇಲ್ಲದೆ ಅಪ್ಪ ಅಮ್ಮನೇ ದಿನದ ಮಾತಿನ ನಡುವೆ ಆ ಪದಗಳನ್ನು ಹೇಳಿಕೊಟ್ಟ ಮಕ್ಕಳು ಎಲ್ಲರಿಗಿಂತ ಮುಂದಿದ್ದರು.

ಕಾರಣ ನೋಡಿ. ಮಗಳು ಮಾಡಿನ ಮೇಲಿನ ಕಾಗೆಗೆ ಬೆರಳು ತೋರಿಸಿ ಏನೋ ಅನ್ನುತ್ತಾಳೆ. ನೀವು ಅತ್ತ ತಿರುಗಿ "ಹೌದು ಪುಟ್ಟೀ, ಕಾಗೆ ಬಂತು" ಅನ್ನುತ್ತೀರಿ. ಅವಳ ಕಣ್ಣು ಎಲ್ಲಿದೆಯೋ ಅಲ್ಲಿಗೇ ಮಾತು ಬಂತು, ಅವಳು ಕೇಳಿದ ಆ ಕ್ಷಣಕ್ಕೇ ಬಂತು. ಮೊಬೈಲಿನ ಹಾಡು ಅವಳಿಗಾಗಿ ಕಾಯುವುದಿಲ್ಲ, ಅವಳು ಎತ್ತ ನೋಡಿದಳೆಂದು ಅದಕ್ಕೆ ಗೊತ್ತೂ ಇಲ್ಲ.

ಹಾಗಾಗಿ ಅಪ್ಪನ ವಿಡಿಯೋ ಕಾಲ್ ಬೇರೆಯೇ ಲೆಕ್ಕ, ಅಲ್ಲಿ ಅಪ್ಪ ಅವಳನ್ನು ನೋಡಿ ಆಗಲೇ ಉತ್ತರ ಕೊಡುತ್ತಾರೆ. ಅದನ್ನು ದಯವಿಟ್ಟು ನಿಲ್ಲಿಸಬೇಡಿ. 2014ರ ಒಂದು ಅಧ್ಯಯನದಲ್ಲಿ ಎರಡರಿಂದ ಎರಡೂವರೆ ವರ್ಷದ ಮಕ್ಕಳು ವಿಡಿಯೋ ಕಾಲಿನಲ್ಲಿ ನೇರವಾಗಿ ಮಾತಾಡಿದವರಿಂದ ಹೊಸ ಕ್ರಿಯಾಪದ ಕಲಿತರು. ರೆಕಾರ್ಡ್ ಮಾಡಿಟ್ಟ ಮಾತಿನಿಂದ ಕಲಿಯಲಿಲ್ಲ. ನಿಮ್ಮ ಮಗಳು ಇನ್ನೂ ಚಿಕ್ಕವಳು. ಕಾಲ್ ಬಂದಾಗ ಫೋನ್ ಅವಳ ಕೈಗೆ ಕೊಟ್ಟು ಒಳಗೆ ಹೋಗಬೇಡಿ, ಜೊತೆಗೇ ಕೂರಿ. ಅಪ್ಪ "ಚೆಂಡು ಎಲ್ಲಿ?" ಅಂದರೆ ಚೆಂಡನ್ನು ನೀವು ಅವಳ ಕೈಗಿಡಿ. ಅವಳು ಎತ್ತಿ ತೋರಿಸಲಿ, ಅಪ್ಪ ಖುಷಿಪಡಲಿ. ಹಾಡು ಹಾಕಿದರೂ ಅಷ್ಟೇ, ನೀವೂ ಹಾಡಿ. ಭಾರತೀಯ ಮಕ್ಕಳ ವೈದ್ಯರ ಸಂಘವೂ ಎರಡು ವರ್ಷದೊಳಗೆ ಮೊಬೈಲ್, ಟಿವಿ ಬೇಡ, ಬಂಧುಗಳ ವಿಡಿಯೋ ಕಾಲ್ ಅಪರೂಪಕ್ಕೆ ಇರಲಿ ಎನ್ನುತ್ತದೆ. ಅಪ್ಪ ದೂರ ಇರುವಾಗ ಆ ಕಾಲ್ ದಿನವೂ ಬರಲಿ ಅಂತಲೇ ನಾನು ಹೇಳುತ್ತೇನೆ.

ಮಲಯಾಳದ ಬಗ್ಗೆ ಹೆದರಬೇಡಿ. ನಮ್ಮ ಬದಿಯಡ್ಕದ ಕಡೆ ತುಳು, ಮಲಯಾಳ, ಕನ್ನಡ ಮೂರನ್ನೂ ಕೇಳುತ್ತಲೇ ಮಕ್ಕಳು ಬೆಳೆಯುತ್ತಾರೆ. ಪಕ್ಕದ ಮನೆಗೆ ಆಡಲು ಕಳಿಸಿ. ಕನ್ನಡ ನಿಮ್ಮ ಬಾಯಿಂದ ಬರಲಿ: ಬಸಳೆ ಕೊಯ್ಯುವಾಗ, ಮೀಯಿಸುವಾಗ, ಅಂಗಳದಲ್ಲಿ ಅಡಿಕೆ ಹರಡುವಾಗ. ಅವಳು ತೊದಲಿದ್ದಕ್ಕೆ ಉತ್ತರ ಕೊಡಿ, ಮತ್ತೆ ಅವಳ ಸರದಿಗೆ ಸ್ವಲ್ಪ ಕಾಯಿರಿ.

ಒಂದು ವಿಷಯ ಮಾತ್ರ ಮುಂದೂಡಬೇಡಿ. ಹೆಸರು ಕರೆದಾಗ ತಿರುಗಿ ನೋಡದಿದ್ದರೆ, ಅಥವಾ ಎರಡು ವರ್ಷವಾದರೂ "ಅಮ್ಮ ಬಾ" ಎನ್ನುವಂತೆ ಎರಡು ಪದ ಸೇರಿಸದಿದ್ದರೆ, ಮಕ್ಕಳ ಡಾಕ್ಟರಿಗೆ ತೋರಿಸಿ ಕಿವಿ ಪರೀಕ್ಷೆ ಮಾಡಿಸಿ.