ಶ್ರೀರಂಗಪಟ್ಟಣದಲ್ಲಿ ಕಾದಾಡಿದ ಡಿ ಮ್ಯೂರಾನ್ ದಂಡಿನ ಸಿಪಾಯಿಗಳು ಕೆನಡಾದಲ್ಲಿ ಸಂಸಾರ ಹೂಡಿದ್ದು ಹೇಗೆ?

ಕೂಲಿ ಸೈನ್ಯ ಅಲ್ವಾ, ಸಂಬಳ ಕೊಟ್ಟವರ ಕಡೆ ಹೋಗುತ್ತಿತ್ತು. 1781ರಲ್ಲಿ ಈಗಿನ ಸ್ವಿಟ್ಜರ್ಲೆಂಡಿನ ನ್ಯೂಶಾಟೆಲ್‌ನಲ್ಲಿ ಡಚ್ ಈಸ್ಟ್ ಇಂಡಿಯಾ ಕಂಪನಿಗಾಗಿ ಕಟ್ಟಿದ ದಂಡು ಇದು. 1795ರಲ್ಲಿ ಬ್ರಿಟಿಷರ ಪಾಲಾಯಿತು. 1799ರಲ್ಲಿ ಟಿಪ್ಪು ವಿರುದ್ಧ ಹೋರಾಡಿತು. ಶ್ರೀರಂಗಪಟ್ಟಣದ ಗ್ಯಾರಿಸನ್ ಸ್ಮಶಾನದಲ್ಲಿ ಇವರ ಗೋರಿಗಳಿವೆ, ಹೋದಾಗ ನೋಡಿ.

1813ರಲ್ಲಿ ದಂಡನ್ನು ಕೆನಡಾಕ್ಕೆ ಕಳಿಸಿದರು. 1816ರಲ್ಲಿ ಅಲ್ಲೇ ವಿಸರ್ಜಿಸಿದರು. ಕೆಲಸವಿಲ್ಲದ ಕೆಲವು ಸಿಪಾಯಿಗಳನ್ನು ಸ್ಕಾಟ್ಲೆಂಡಿನ ಶ್ರೀಮಂತ ಲಾರ್ಡ್ ಸೆಲ್‌ಕರ್ಕ್ ತನ್ನ ರೆಡ್ ರಿವರ್ ವಸಾಹತಿಗೆ, ಅಂದರೆ ಈಗಿನ ವಿನಿಪೆಗ್ ಕಡೆಗೆ, ಕರೆದೊಯ್ದ. ಜಮೀನೂ ಸಿಕ್ಕಿತು. ಹೆಣ್ಣು? 1821ರಲ್ಲಿ ಸ್ವಿಸ್ ಕುಟುಂಬಗಳು ಬಂದವು, ಮದುವೆಗಳಾದವು. 1826ರ ಪ್ರವಾಹದ ನಂತರ ಬಹಳ ಜನ ಅಮೆರಿಕಕ್ಕೆ ಹೊರಟರು.

ಒಂದು ಎಚ್ಚರಿಕೆ: ವಂಶವೃಕ್ಷದಲ್ಲಿ 'ಡಿ ಮ್ಯೂರಾನ್' ಎಂದಿದ್ದರೆ ಸುಮ್ನೆ ಟಿಪ್ಪು ಕಾಲಕ್ಕೆ ಜೋಡಿಸಬೇಡಿ. ಭಾರತ ಬಿಟ್ಟ ಮೇಲೆ ಯುರೋಪಿನಲ್ಲಿ ಸೇರಿದವರೇ ಜಾಸ್ತಿ.